ಮಗಳ ಬಾಯಿಗೆ ಖಾರ ಹಿಡಿಸಿದ್ದು ಹೀಗೆ

ದಾವಣಗೆರೆಯಲ್ಲಿ ಸಂಜೆ ಅಂದ್ರೆ ಮಂಡಕ್ಕಿ, ಮಿರ್ಚಿ. ಮೂರು ವರ್ಷದ ಮಗಳು ಒಂದು ಸಂಜೆ ನನ್ನ ಕೈಯಿಂದ ಮಿರ್ಚಿ ಕಿತ್ತುಕೊಂಡು ಕಚ್ಚಿಬಿಟ್ಟಳು. ಗಾಬರಿಯಲ್ಲಿ ನೀರು ಕುಡಿಸಿದೆ. ಅಳು ನಿಲ್ಲಲೇ ಇಲ್ಲ. ಮೆಣಸಿನಕಾಯಿಯ ಖಾರ ಇರುವುದು ಅದರೊಳಗಿನ ಕ್ಯಾಪ್ಸೈಸಿನ್ ಎಂಬ ರಾಸಾಯನಿಕದಲ್ಲಿ. ಅದು ನೀರಿಗೆ ಕರಗುವುದಿಲ್ಲ. ಹಾಲು, ಮೊಸರು ಕೊಡಬೇಕಿತ್ತು. ಆಮೇಲೆ ಎರಡು ತಿಂಗಳು ಕೆಂಪಗೆ ಕಂಡದ್ದೆಲ್ಲ ಬೇಡ. ಟೊಮೆಟೊ ಸಾರೂ ಬೇಡ.

"ಖಾರ ಆಮೇಲೆ ಕಲೀಲಿ, ಮೊದಲು ಘಮ ಕಲಿಸಮ್ಮ" ಅಂದರು ಅತ್ತೆ. ದಾರಿ ಸಿಕ್ಕಿದ್ದು ಅಲ್ಲೇ. ತುಪ್ಪದಲ್ಲಿ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಚಿಟಿಕೆ ಇಂಗು ಹಾಕಿ ಬೇಳೆಗೆ ಒಗ್ಗರಣೆ ಕೊಟ್ಟೆ. ಮೆಣಸಿನಕಾಯಿ ಇಲ್ಲ. ಮೂಗರಳಿಸಿ ತಿಂದಳು. ವಾರ ಬಿಟ್ಟು ಮೆಂತ್ಯ ಸೊಪ್ಪು, ಆಮೇಲೆ ಗುರೆಳ್ಳು ಪುಡಿ. ಬೇಡ ಅಂದರೆ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದರೆ ಮಕ್ಕಳು ಇನ್ನೂ ದೂರ ಹೋಗುತ್ತಾರೆ, ಅಲ್ವಾ?

ಕೊನೆಗೆ ಶೇಂಗಾ ಚಟ್ನಿಪುಡಿ. ಒಂದು ಲೋಟ ಹುರಿದ ಶೇಂಗಾಕ್ಕೆ ಒಂದೇ ಬ್ಯಾಡಗಿ ಮೆಣಸಿನಕಾಯಿ. ಇದಕ್ಕೆ ಬಣ್ಣ ಜಾಸ್ತಿ, ಖಾರ ಕಡಿಮೆ. ಬೀಜ, ಒಳಗಿನ ಬಿಳಿ ನಾರು ಎರಡನ್ನೂ ತೆಗೆದೆ. ಖಾರ ಹೆಚ್ಚು ಇರುವುದು ಆ ನಾರಿನಲ್ಲೇ. ಇಡೀ ಶೇಂಗಾ ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಅದಕ್ಕೇ ನುಣ್ಣಗೆ ಪುಡಿ ಮಾಡಿದೆ. ಬೆಲ್ಲ, ಉಪ್ಪು ಅವಳೇ ಹಾಕಿದಳು. ಗಟ್ಟಿ ಮೊಸರಿಗೆ ಆ ಪುಡಿ ಉದುರಿಸಿ, ಮೆತ್ತಗಿನ ರೊಟ್ಟಿ ತುಂಡು ಅದ್ದಿ ಕೊಟ್ಟೆ. ಮೊದಲು ನಾಲಿಗೆ ತುದಿಗೆ ಮುಟ್ಟಿಸಿಕೊಂಡಳು. ಆಮೇಲೆ ಬೆರಳು ನೆಕ್ಕಿ, "ಅಮ್ಮಾ, ನಾನು ಮಾಡಿದ್ದು" ಅಂತ ಬಟ್ಟಲು ಮುಂದೆ ಚಾಚಿದಳು.