ಬೋರ್ಡ್ ಮೇಲಿನ ಪಟ್ಟಿ ಅಳಿಸಿದ ಮೇಲೆ

ನಾನು ತುಮಕೂರು ಕಡೆಯ ಒಂದು ಪ್ರೌಢಶಾಲೆಯಲ್ಲಿ ಪಿಟಿ ಟೀಚರ್. ಎರಡು ವರ್ಷದ ಹಿಂದೆ ಒಂಬತ್ತನೇ ತರಗತಿಯ 30 ಮಕ್ಕಳಿಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸ್ಟೆಪ್ ಕೌಂಟರ್, ಅಂದರೆ ನಡೆದ ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಕೊಟ್ಟೆ. ಶಾಲೆಗೆ ಮೊಬೈಲ್ ತರುವಂತಿಲ್ಲ, ಹೆಜ್ಜೆ ಎಣಿಸುವ ವಾಚು ತರಿಸುವಷ್ಟು ದುಡ್ಡಿಲ್ಲ. ಊರಿನವರೊಬ್ಬರು ಇವನ್ನು ಕೊಡಿಸಿದರು. ಮಕ್ಕಳು ಅದಕ್ಕೆ ‘ಮೀಟರ್’ ಅಂತ ಹೆಸರಿಟ್ಟರು.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಜೋರಾಗುವಷ್ಟು ಓಡಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಸಂಶೋಧಕರು 2019ರಲ್ಲಿ ಪ್ರಕಟಿಸಿದ 146 ದೇಶಗಳ ಲೆಕ್ಕದಲ್ಲಿ, 11ರಿಂದ 17 ವಯಸ್ಸಿನ ಹುಡುಗಿಯರಲ್ಲಿ ಶೇ 85ರಷ್ಟು ಮಂದಿ ಅಷ್ಟು ಓಡಾಡುತ್ತಿರಲಿಲ್ಲ. ಹುಡುಗರಲ್ಲಿ ಶೇ 78. ನಮ್ಮ ಶಾಲೆಯಲ್ಲಿ ಪರೀಕ್ಷೆ ಹತ್ತಿರ ಬಂತೆಂದರೆ ಪಿಟಿ ಪೀರಿಯಡ್ ಗಣಿತಕ್ಕೆ ಹೋಗಿಬಿಡುತ್ತದೆ, ಹಾಗಾಗಿ ಶಾಲೆ ಬಿಟ್ಟ ಮೇಲಿನ ಹೊತ್ತನ್ನು ಮಕ್ಕಳೇ ನೋಡಿಕೊಳ್ಳಬೇಕು.

ಮೊದಲ ತಿಂಗಳು ನಾನು ದೊಡ್ಡ ತಪ್ಪು ಮಾಡಿದೆ. ಎಲ್ಲರಿಗೂ ಒಂದೇ ಗುರಿ, ದಿನಕ್ಕೆ 10,000 ಹೆಜ್ಜೆ. ಮೇಲಾಗಿ ಯಾರು ಎಷ್ಟು ನಡೆದರು ಅಂತ ಬೋರ್ಡ್ ಮೇಲೆ ಪಟ್ಟಿ. ಆ 10,000 ಬಂದಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಮೀಟರಿನ ಹೆಸರಿನಿಂದ. ಹದಿಹರೆಯದವರಿಗೆ 60 ನಿಮಿಷದ ಲೆಕ್ಕ ಹೆಚ್ಚುಕಡಿಮೆ 10,000ದಿಂದ 11,700 ಹೆಜ್ಜೆಗೆ ಹೊಂದುತ್ತದೆ ಅನ್ನುವುದು ಆಮೇಲೆ ಬಂದ ಸಂಶೋಧನೆ. ಅಂದರೆ ಸಂಖ್ಯೆ ತಪ್ಪಲ್ಲ, ಆದರೆ ದಿನಕ್ಕೆ 4,000 ನಡೆಯುವ ಹುಡುಗಿಗೆ ಸೋಮವಾರವೇ 10,000 ಅಂದರೆ ಅವಳು ಮಂಗಳವಾರ ಮೀಟರನ್ನು ಮನೆಯಲ್ಲೇ ಬಿಟ್ಟು ಬರುತ್ತಾಳೆ. ಬಿಟ್ಟೇ ಬಂದರು. ಕಬಡ್ಡಿ ಆಡುವ ನಾಲ್ಕೈದು ಮಕ್ಕಳೇ ದಿನಾ ಮೇಲೆ. ಕೆಲವರು ಮೀಟರನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ಸಂಖ್ಯೆ ಏರಿಸಿದರು. ದಿನಾ ಎರಡು ಕಿಲೋಮೀಟರ್ ಸೈಕಲ್ ತುಳಿದು ಬರುವ ಹುಡುಗನ ಹೆಸರು ಪಟ್ಟಿಯ ಕೊನೆಯಲ್ಲಿತ್ತು, ಯಾಕೆಂದರೆ ಪೆಡಲ್ ತುಳಿದರೆ ಆ ಮೀಟರಿಗೆ ಗೊತ್ತೇ ಆಗುವುದಿಲ್ಲ. ಅವನ ಮುಖ ನೋಡಿ ಅವತ್ತೇ ಪಟ್ಟಿ ಅಳಿಸಿದೆ.

ಆಮೇಲೆ ಪ್ರತಿಯೊಬ್ಬರಿಗೂ ಒಂದು ನೋಟ್‌ಬುಕ್. ರಾತ್ರಿ ಊಟಕ್ಕೆ ಮುಂಚೆ ಅವತ್ತಿನ ಸಂಖ್ಯೆ ಬರೆಯಬೇಕು, ಪಕ್ಕದಲ್ಲಿ ಯಾಕೆ ಜಾಸ್ತಿ ಅಥವಾ ಕಮ್ಮಿ ಆಯಿತು ಅಂತ ಒಂದೆರಡು ಮಾತು. ಸೈಕಲ್ ತುಳಿದ ನಿಮಿಷಕ್ಕೆ ಬೇರೆ ಕಾಲಂ. ಶನಿವಾರ ಸರಾಸರಿ ತೆಗೆದು ಮುಂದಿನ ವಾರದ ಗುರಿಯನ್ನು ಅವರೇ ಹಾಕಿಕೊಳ್ಳಬೇಕು. ನನ್ನದು ಒಂದೇ ಕಟ್ಟುಪಾಡು, ಹಳೆಯ ಸರಾಸರಿಗಿಂತ 1,000ಕ್ಕಿಂತ ಮೇಲೆ ಹೋಗುವಂತಿಲ್ಲ. ‘ಇನ್ನು ಮೇಲೆ ಚೆನ್ನಾಗಿ ನಡೀತೀನಿ’ ಅಂತ ಬರೆದರೆ ವಾಪಸ್ ಕೊಡುತ್ತಿದ್ದೆ. ಯಾವಾಗ, ಎಲ್ಲಿ, ಯಾರ ಜೊತೆ ಅನ್ನುವುದು ಇರಲೇಬೇಕು.

ಒಬ್ಬಳು ಹುಡುಗಿ ತನ್ನ ಪುಟ ನೋಡುತ್ತಾ ನೋಡುತ್ತಾ, “ಮಿಸ್, ಟ್ಯೂಷನ್ ಇದ್ದ ದಿನಾನೇ ಕಮ್ಮಿ. ಅಪ್ಪ ಬೈಕಲ್ಲಿ ಬಿಡ್ತಾರೆ” ಅಂದಳು. ಹೆಣ್ಣುಮಗು ಸಂಜೆ ಒಬ್ಬಳೇ ಬರುವುದು ಬೇಡ ಅನ್ನುವುದು ಅವರಮ್ಮನ ಭಯ, ಅದು ಸುಮ್ನೆ ಅಲ್ಲ. ಅದೇ ಬೀದಿಯ ಇನ್ನಿಬ್ಬರನ್ನು ಅವಳೇ ಹುಡುಕಿ, ಮೂವರೂ ಜೊತೆಗೆ ಬರುತ್ತೇವೆ ಅಂತ ಮನೆಯಲ್ಲಿ ಒಪ್ಪಿಸಿದಳು. ಮೂರು ವಾರಕ್ಕೆ ಅವಳ ಸರಾಸರಿ 4,000ದಿಂದ 6,000 ದಾಟಿತು. ಈ ದಾರಿ ನನಗೆ ಹೊಳೆದಿರಲಿಲ್ಲ. ನಾನು ಹೇಳಿ ಕಳಿಸಿದ್ದರೆ ಅವರಮ್ಮ ಒಪ್ಪುತ್ತಲೂ ಇರಲಿಲ್ಲ.

ಗುರಿ ತಪ್ಪಿದವರನ್ನು ‘ಯಾಕೆ ಮಾಡಲಿಲ್ಲ’ ಅಂತ ಕೇಳುವುದನ್ನು ಬಿಟ್ಟೆ. ‘ಏನು ಅಡ್ಡ ಬಂತು’ ಅಂತ ಕೇಳಿದರೆ ಮಕ್ಕಳು ನಿಜ ಹೇಳುತ್ತಾರೆ. ಮಳೆ, ತಮ್ಮನನ್ನು ನೋಡಿಕೊಳ್ಳುವ ಕೆಲಸ, ಹರಿದ ಚಪ್ಪಲಿ. ಜ್ವರ, ಮುಟ್ಟಿನ ನೋವು ಇದ್ದ ದಿನಕ್ಕೆ ಗೆರೆ ಎಳೆದರೆ ಸಾಕು, ಆ ದಿನ ಸರಾಸರಿಗೆ ಸೇರಿಸುವುದಿಲ್ಲ.

ಒಂದು ವಿಷಯ ಹೇಳಲೇಬೇಕು. ಒಬ್ಬಳು ಹೆಜ್ಜೆ ಜಾಸ್ತಿ ಮಾಡುತ್ತಾ ಊಟ ಕಮ್ಮಿ ಮಾಡಿದಳು. ಮಧ್ಯಾಹ್ನದ ಊಟದ ತಟ್ಟೆ ನೋಡಿದಾಗ ಗೊತ್ತಾಯಿತು. ಅವಳ ಮೀಟರ್ ವಾಪಸ್ ತೆಗೆದುಕೊಂಡು ಮನೆಗೆ ಹೋಗಿ ಅವರಮ್ಮನ ಜೊತೆ ಮಾತಾಡಿದೆ, ಅವಳನ್ನು ಥ್ರೋಬಾಲ್‌ಗೆ ಸೇರಿಸಿದೆ. ಅಂದಿನಿಂದ ತರಗತಿಯಲ್ಲಿ ತೂಕದ ಮಾತೇ ಎತ್ತುವುದಿಲ್ಲ. ಇದನ್ನು ಮಾಡಹೊರಟವರು ಮಕ್ಕಳ ತಟ್ಟೆಯ ಮೇಲೂ ಒಂದು ಕಣ್ಣಿಟ್ಟಿರಿ.

ಮೂರನೇ ತಿಂಗಳು ಮೀಟರ್ ವಾರಕ್ಕೆ ಮೂರೇ ದಿನ ಕೊಟ್ಟೆ. ಉಳಿದ ದಿನ ಅಂದಾಜಿನಲ್ಲಿ ಬರೆಯಬೇಕು. ಮೀಟರ್ ಇದ್ದ ದಿನದ ಸಂಖ್ಯೆಗೆ ಹೋಲಿಸಿದರೆ ಬಹಳ ಮಕ್ಕಳ ಅಂದಾಜು ಐನೂರು ಹೆಜ್ಜೆಯ ಆಚೀಚೆ ಇರುತ್ತಿತ್ತು. ವರ್ಷದ ಕೊನೆಗೆ 30ರಲ್ಲಿ 19 ಮಕ್ಕಳು ಮೀಟರ್ ವಾಪಸ್ ಕೊಟ್ಟ ಮೇಲೂ ನೋಟ್‌ಬುಕ್ ಬರೆಯುತ್ತಿದ್ದರು.

ಈ ಜೂನ್‌ನಲ್ಲಿ ಹೊಸ ತಂಡ. ಮೀಟರ್ ಕೈಗೆ ಸಿಕ್ಕ ಖುಷಿಗೇ ಮೊದಲ ವಾರ ಎಲ್ಲರೂ ಜಾಸ್ತಿ ನಡೆದುಬಿಡುತ್ತಾರೆ, ಆ ಸರಾಸರಿ ನಂಬಿ ಗುರಿ ಹಾಕಿದರೆ ಎರಡನೇ ವಾರವೇ ಸೋಲು. ಅದಕ್ಕೆ ಈ ಸಲ ಸಂಖ್ಯೆ ಕಾಣದಂತೆ ಮೀಟರಿನ ಪರದೆಗೆ ಟೇಪ್ ಅಂಟಿಸಿ ಕೊಡುತ್ತೇನೆ, ಎಂಟನೇ ದಿನ ಎಲ್ಲರೂ ಒಟ್ಟಿಗೆ ಕೂತು ಬಿಚ್ಚುತ್ತೇವೆ.