ದ್ವೀಪಕ್ಕೆ ಪ್ರವಾಸ: ಕಾರು ಒಯ್ಯಬೇಕೇ, ದಡದಲ್ಲೇ ಬಿಡಬೇಕೇ?

ರಜೆ ಹತ್ತಿರವಾದರೆ ಶಿರಸಿ, ಕುಮಟಾ, ಕಾರವಾರದ ಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುವುದೇ ಕಾರಿನಿಂದ. ಐದು ಜನ, ನಾಲ್ಕು ಬ್ಯಾಗು, ದಾರಿಗೊಂದು ಡಬ್ಬಿ ಚಕ್ಕುಲಿ ಹಾಕಿಕೊಂಡು ಹೊರಟರಾಯಿತು. ಹಂಪಿಗೋ ಮೈಸೂರಿಗೋ ಆದರೆ ಇಷ್ಟೇ ಸಾಕು. ದ್ವೀಪಕ್ಕಾದರೆ ನಡುವೆ ನೀರಿದೆ. ಆ ನೀರನ್ನು ಕಾರು ಹೇಗೆ ದಾಟುತ್ತದೆ? ದಾಟಿದ ಮೇಲೆ ಅಲ್ಲಿ ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ? ಹೆಚ್ಚಿನವರು ಮೊದಲನೆಯ ಪ್ರಶ್ನೆ ಕೇಳಿ ಸುಮ್ಮನಾಗುತ್ತಾರೆ. ತೀರ್ಮಾನ ನಿಂತಿರುವುದು ಎರಡನೆಯದರ ಮೇಲೆ.

ನೀರು ದಾಟುವ ದಾರಿ ಯಾವುದು?

ಸೇತುವೆ ಇರುವ ದ್ವೀಪ, ಗಾಡಿ ಒಯ್ಯುವ ಫೆರಿ ಇರುವ ದ್ವೀಪ, ಜನರಿಗೆ ಮಾತ್ರ ದೋಣಿ ಇರುವ ದ್ವೀಪ. ನೀವು ಹೋಗುವುದು ಯಾವ ಬಗೆಯದು ಎಂದು ಮೊದಲು ಖಚಿತ ಮಾಡಿಕೊಳ್ಳಿ.

ರಾಮೇಶ್ವರ ಮೊದಲ ಬಗೆಯದು. ಪಾಂಬನ್ ರಸ್ತೆ ಸೇತುವೆ 1988ರಿಂದ ಇದೆ. ಎರಡು ಕಿಲೋಮೀಟರಿಗೂ ಉದ್ದದ ಈ ಸೇತುವೆ ದಾಟಿದರೆ ದ್ವೀಪ ತಲುಪಿದಿರಿ. ನಮಗೆ ಹತ್ತಿರದ ಸಿಗಂದೂರಿನ ಕತೆಯೂ ಈಗ ಹೀಗೆಯೇ. ಶರಾವತಿ ಹಿನ್ನೀರಿನಲ್ಲಿ ಬಸ್ಸು, ಕಾರುಗಳನ್ನು ಲಾಂಚ್ ದಾಟಿಸುತ್ತಿತ್ತು. 2025ರ ಜುಲೈ 14ರಂದು ಸೇತುವೆ ತೆರೆದ ಮೇಲೆ ಆ ಕಾಯುವಿಕೆ ಮುಗಿಯಿತು.

ಎರಡನೆಯ ಬಗೆಗೆ ಕಾರವಾರದವರಿಗೆ ಅತಿ ಹತ್ತಿರದ ಉದಾಹರಣೆ ಗೋವಾದ ಮಾಂಡವಿ ನದಿಯ ದಿವಾರ್ ಮತ್ತು ಚೊರಾವ್. ಓಲ್ಡ್ ಗೋವಾದಿಂದ ದಿವಾರ್‌ಗೆ, ರಾಯಬಂದರದಿಂದ ಚೊರಾವ್‌ಗೆ ಫೆರಿ ಬೋಟ್ ಇದೆ. ದಾಟುವುದು ಕೆಲವೇ ನಿಮಿಷದ ಕೆಲಸ. ಚೊರಾವ್ ದಾರಿಯಲ್ಲಿ 2025ರ ಜುಲೈನಿಂದ ಹೆಚ್ಚು ಕಾರು ಹಿಡಿಸುವ ರೋ-ರೋ ಫೆರಿಯೂ (ಗಾಡಿಗಳು ತಾವೇ ಓಡಿಕೊಂಡು ಹತ್ತಿ ಇಳಿಯುವಂಥದ್ದು) ಓಡುತ್ತಿದೆ.

ಮೂರನೆಯ ಬಗೆಯಲ್ಲಿ ಚರ್ಚೆಗೆ ಜಾಗವೇ ಇಲ್ಲ. ಕಾರವಾರದ ಕೂರ್ಮಗಡಕ್ಕೆ, ಮುರುಡೇಶ್ವರದಿಂದ ನೇತ್ರಾಣಿಗೆ, ಹೊನ್ನಾವರದ ಬಸವರಾಜ ದುರ್ಗಕ್ಕೆ ಹೋಗುವವರು ಕಾರನ್ನು ದಡದಲ್ಲಿ ನಿಲ್ಲಿಸಿಯೇ ದೋಣಿ ಹತ್ತಬೇಕು. ಲಕ್ಷದ್ವೀಪಕ್ಕೂ ಅಷ್ಟೆ. ಅಲ್ಲಿಗೆ ಪ್ರವೇಶ ಪರವಾನಗಿ ಮೊದಲು ಬೇಕು. ಇಡೀ ಲಕ್ಷದ್ವೀಪದ ನೆಲ ಸೇರಿಸಿದರೂ 32 ಚದರ ಕಿ.ಮೀ.; ಸೈಕಲ್ ಸಿಕ್ಕರೆ ಬೇಕಾದಷ್ಟಾಯಿತು. ಅಂಡಮಾನಿಗೆ ಮುಖ್ಯ ನೆಲದಿಂದ ಪ್ರಯಾಣಿಕ ಹಡಗು ತಲುಪಲು ಮೂರ್ನಾಲ್ಕು ದಿನ ಹಿಡಿಯುತ್ತದೆ. ಶ್ರೀ ವಿಜಯಪುರಂನಿಂದ, ಅಂದರೆ 2024ರವರೆಗೆ ಪೋರ್ಟ್ ಬ್ಲೇರ್ ಎನ್ನುತ್ತಿದ್ದ ಊರಿನಿಂದ, ಹ್ಯಾವ್‌ಲಾಕ್ ದ್ವೀಪಕ್ಕೆ (ಈಗಿನ ಹೆಸರು ಸ್ವರಾಜ್ ದ್ವೀಪ) ಹೋಗುವ ಖಾಸಗಿ ಕ್ಯಾಟಮರಾನ್ ದೋಣಿಗಳು ಜನರನ್ನು ಮಾತ್ರ ಒಯ್ಯುತ್ತವೆ. ಹ್ಯಾವ್‌ಲಾಕ್ ಜೆಟ್ಟಿಯಿಂದ ರಾಧಾನಗರ ಬೀಚ್‌ಗೆ ಸುಮಾರು 12 ಕಿ.ಮೀ.; ಬಾಡಿಗೆ ಸ್ಕೂಟರ್ ಅಥವಾ ಟ್ಯಾಕ್ಸಿಯಲ್ಲಿ ಮುಗಿಯುವ ಓಡಾಟ.

ಓಡುವ ಹೊತ್ತಿನ ಪಟ್ಟಿ

ಒಂದು ಹಾಳೆ ತೆಗೆದುಕೊಂಡು ದ್ವೀಪದಲ್ಲಿರುವ ಪ್ರತಿ ದಿನಕ್ಕೊಂದು ಸಾಲು ಬರೆಯಿರಿ. ಎಲ್ಲಿಂದ ಎಲ್ಲಿಗೆ, ಎಷ್ಟು ಕಿ.ಮೀ., ಆ ಹೊತ್ತಿಗೆ ಅಲ್ಲಿ ಆಟೊ ಅಥವಾ ಬಸ್ಸು ಸಿಗುತ್ತದೆಯೇ ಎಂದು. ಮೊತ್ತ ದಿನಕ್ಕೆ 20 ಕಿ.ಮೀ. ದಾಟದಿದ್ದರೆ, ಜೊತೆಗೆ ನಡೆಯಲಾಗದವರು ಯಾರೂ ಇಲ್ಲದಿದ್ದರೆ, ಕಾರು ಬೇಡ ಎನ್ನುವುದೇ ನಮ್ಮ ಸಲಹೆ. ಉಳಿದ ಹೊತ್ತೆಲ್ಲ ಅದು ತೆಂಗಿನ ಮರದ ಕೆಳಗೆ ನಿಂತಿರುತ್ತದೆ. ತೆಂಗಿನ ಮರದ ಕೆಳಗೆ ನಿಲ್ಲಿಸುವುದು ಎಂಥ ಕೆಲಸ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ದಿವಾರ್ ಒಂದು ದಿನದ ಸುತ್ತಾಟಕ್ಕಾದರೆ ಕಾರನ್ನು ಓಲ್ಡ್ ಗೋವಾದಲ್ಲಿ ಇಗರ್ಜಿಗಳ ಬಳಿಯ ಪಾರ್ಕಿಂಗ್‌ನಲ್ಲಿ ಬಿಟ್ಟು ದಾಟಬಹುದು. ಪಿಯೆದಾದ್ ಗುಡ್ಡದ ಇಗರ್ಜಿ, ಗದ್ದೆಬಯಲು, ಹಳೆ ಮನೆಗಳ ಓಣಿ, ನಾರ್ವೆ ಹಳ್ಳಿಯಲ್ಲಿ ಮೊದಲು ಸಪ್ತಕೋಟೇಶ್ವರ ದೇವಾಲಯವಿದ್ದ ಜಾಗ, ಎಲ್ಲವೂ ಸ್ಕೂಟರಿಗೆ ಹೇಳಿಮಾಡಿಸಿದ ದೂರದಲ್ಲಿವೆ. ಓಣಿಗಳಲ್ಲಿ ಎದುರು ಬದುರು ಎರಡು ಕಾರು ಬಂದರೆ ಒಂದು ಹಿಂದೆ ಸರಿಯಲೇಬೇಕು. ಆಗಸ್ಟ್‌ನ ಬೊಂದೆರಾಂ ಹಬ್ಬದ ದಿನವಂತೂ ಫೆರಿ ಕಟ್ಟೆಯ ಸಾಲಿನಲ್ಲೇ ಅರ್ಧ ದಿನ ಹೋದೀತು. ಚೊರಾವ್‌ಗೆ ಸಲೀಂ ಅಲಿ ಪಕ್ಷಿಧಾಮ ನೋಡಲೆಂದೇ ಹೋಗುವುದಾದರೆ ಕಾರು ಖಂಡಿತ ಬೇಡ. ಪಕ್ಷಿಧಾಮ ಫೆರಿ ಇಳಿಯುವಲ್ಲೇ ಇದೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಸುತ್ತುವುದು ಕಾಲ್ನಡಿಗೆಯಲ್ಲಿ ಅಥವಾ ದೋಣಿಯಲ್ಲಿ.

ರಾಮೇಶ್ವರದಲ್ಲಿ ಲೆಕ್ಕ ತಿರುಗುತ್ತದೆ. ಧನುಷ್ಕೋಡಿಯ ತುದಿ ಅರಿಚಲ್ಮುನೈ ಊರಿನಿಂದ ಸುಮಾರು 20 ಕಿ.ಮೀ. ಬೆಳಗಿನ ಸೂರ್ಯೋದಯಕ್ಕೆ ಹೋಗಿ, ದೇವಸ್ಥಾನದ 22 ತೀರ್ಥಗಳ ಸ್ನಾನ ಮುಗಿಸಿ, ಸಂಜೆ ಮತ್ತೊಂದು ಕಡೆ ಹೋಗುವವರಿಗೆ ಸ್ವಂತ ಗಾಡಿ ನಿಜಕ್ಕೂ ಅನುಕೂಲ. ಆದರೆ ಒದ್ದೆ ಬಟ್ಟೆಯಲ್ಲಿ ಕಾರು ಹತ್ತುತ್ತೀರಿ ಎಂಬುದು ನೆನಪಿರಲಿ. ಸೀಟಿಗೆ ಹಾಸಲು ಎರಡು ರೆಕ್ಸಿನ್ ಹಾಳೆ ಡಿಕ್ಕಿಯಲ್ಲಿರಲಿ.

ಹಿರಿಯರಿದ್ದರೆ ಈ 20 ಕಿ.ಮೀ. ನಿಯಮ ಬಿಟ್ಟುಬಿಡಿ. ಮಂಡಿನೋವಿನ ಅಜ್ಜಿ, ಗಾಲಿಕುರ್ಚಿ, ಎಳೆ ಮಗು ಇದ್ದಲ್ಲಿ ದಿನಕ್ಕೆ ಐದೇ ಕಿಲೋಮೀಟರ್ ಓಡಿದರೂ ಕಾರು ತನ್ನ ಕೆಲಸ ಮಾಡಿದಂತೆಯೇ.

ಹಣದ ಲೆಕ್ಕ

ಕಾರವಾರದಿಂದ ಓಲ್ಡ್ ಗೋವಾಕ್ಕೆ ಸುಮಾರು 100 ಕಿ.ಮೀ. ಹೋಗಿಬರುವುದು 200, ಅಲ್ಲಿ ಸುತ್ತಾಟ 40. ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ 16 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೆ 1,600 ರೂಪಾಯಿ. ಗೋವಾದಲ್ಲಿ ಪೆಟ್ರೋಲ್ ಅಗ್ಗ, ಆದ್ದರಿಂದ ಗಡಿಯ ಪೋಳೆಂ ದಾಟುವಷ್ಟು ಮಾತ್ರ ಇಟ್ಟುಕೊಂಡು ಆ ಕಡೆ ತುಂಬಿಸಿ. ಶಿರಸಿ, ಕುಮಟಾ ಕಡೆಯಿಂದ ಬರುವವರು ಅಂಕೋಲಾ ದಾಟಿದ ಮೇಲೆ ಹಟ್ಟಿಕೇರಿ ಟೋಲ್ ಸೇರಿಸಿಕೊಳ್ಳಬೇಕು. ಇದರ ಪಕ್ಕದಲ್ಲಿ ಕಾರಿಲ್ಲದ ಲೆಕ್ಕ ಬರೆಯಿರಿ: ರೈಲು ಅಥವಾ ಗೋವಾ ಸರ್ಕಾರದ ಕದಂಬ ಬಸ್ಸಿನ ಟಿಕೆಟ್, ದಿನಕ್ಕೆ 500ರಂತೆ ಎರಡು ಸ್ಕೂಟರ್. ಓಲ್ಡ್ ಗೋವಾಕ್ಕೆ ಹತ್ತಿರದ ರೈಲು ನಿಲ್ದಾಣ ಕರಮಳಿ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ಟಿಕೆಟ್ ಮಾಡುವಾಗ ನೋಡಿಕೊಳ್ಳಿ. ಇಬ್ಬರಿಗೆ ರೈಲು-ಸ್ಕೂಟರ್ ಅಗ್ಗ. ನಾಲ್ವರು ಎರಡು ರಾತ್ರಿ ಉಳಿಯುವುದಾದರೆ ಕಾರೇ ಅಗ್ಗವಾಗುತ್ತದೆ.

ಶಿರಸಿಯಿಂದ ರಾಮೇಶ್ವರ ಹೆಚ್ಚುಕಡಿಮೆ ಸಾವಿರ ಕಿ.ಮೀ. ಹೋಗಿಬರಲು ಇಂಧನವೇ 13 ಸಾವಿರ ರೂಪಾಯಿ ದಾಟುತ್ತದೆ. ಅದರ ಮೇಲೆ ಟೋಲ್, ದಾರಿಯಲ್ಲಿ ಹೋಗುವಾಗೊಂದು ಬರುವಾಗೊಂದು ರಾತ್ರಿಯ ವಸತಿ. ಓಡಿಸುವವರ ನಾಲ್ಕು ದಿನವೂ ಹೋಯಿತು. ರಾಮೇಶ್ವರವೊಂದೇ ಗುರಿಯಾದರೆ ಮದುರೆವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ 170 ಕಿ.ಮೀ.ಗೆ ಟ್ಯಾಕ್ಸಿ ಹಿಡಿಯುವುದು ಜಾಣತನ. ಮದುರೆ, ತಂಜಾವೂರು, ಕನ್ಯಾಕುಮಾರಿ ಎಲ್ಲ ಸೇರಿಸಿ ಹತ್ತು ದಿನಕ್ಕೆ ಹೊರಟವರು ಕಾರು ಒಯ್ಯಲಿ.

ಕಾಗದಪತ್ರ ಮತ್ತು ವಿಮೆ

ಆರ್‌ಸಿ, ವಿಮೆ, ಲೈಸೆನ್ಸ್, ಹೊಗೆ ಪ್ರಮಾಣಪತ್ರ ಡಿಜಿಲಾಕರ್‌ನಲ್ಲಿದ್ದರೆ ಸಾಕು. ಹೊಗೆ ಪ್ರಮಾಣಪತ್ರದ ದಿನಾಂಕವನ್ನು ಹೊರಡುವ ವಾರ ಮೊದಲೇ ನೋಡಿ; ಹೊರರಾಜ್ಯದ ಗಾಡಿ ತಡೆದಾಗ ಹೆಚ್ಚಾಗಿ ಸಿಕ್ಕಿಬೀಳುವುದು ಅದರಲ್ಲೇ. ಬಾಡಿಗೆಗೆ ಕಾರು, ಸ್ಕೂಟರ್ ಪಡೆಯುವವರು ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿದೆಯೇ ನೋಡಿ. ಬಿಳಿ ಫಲಕದ ಖಾಸಗಿ ಗಾಡಿಯನ್ನು ಬಾಡಿಗೆಗೆ ಕೊಡುವುದು ನಿಯಮಬಾಹಿರ, ಅಪಘಾತವಾದರೆ ವಿಮೆಯೂ ಕೈಕೊಡುತ್ತದೆ. ಊರಿನಿಂದಲೇ ಹಳದಿ ಬೋರ್ಡಿನ ಟ್ಯಾಕ್ಸಿ ಮಾಡುವವರು ಹೊರರಾಜ್ಯದ ಪರ್ಮಿಟ್ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಬೇಕು.

ವಿಮೆಯಲ್ಲಿ ಒಂದು ಸಾಲನ್ನು ಗಮನಿಸಿ ಓದಿ. ನಮ್ಮ ಸಾಮಾನ್ಯ ಪ್ಯಾಕೇಜ್ ಪಾಲಿಸಿಯು ಕಾರನ್ನು ರಸ್ತೆ, ರೈಲು, ಒಳನಾಡು ಜಲಮಾರ್ಗ, ಲಿಫ್ಟ್, ವಿಮಾನದಲ್ಲಿ ಸಾಗಿಸುವಾಗ ಆಗುವ ಹಾನಿಯನ್ನು ಒಳಗೊಳ್ಳುತ್ತದೆ. ಈ ಪಟ್ಟಿಯಲ್ಲಿ ಸಮುದ್ರವಿಲ್ಲ. ಮಾಂಡವಿಯ ಫೆರಿ ನದಿಯ ಮೇಲಿನದು. ಕಾರನ್ನು ಸಮುದ್ರದ ಹಡಗಿಗೆ ಹಾಕುವ ಯೋಚನೆ ಇದ್ದರೆ ಬೇರೆ ವಿಮೆ ಬೇಕಾಗುತ್ತದೆ. ಎಂಜಿನ್ನಿಗೆ ನೀರು ನುಗ್ಗಿ ಕೆಟ್ಟರೆ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಇಲ್ಲದ ಪಾಲಿಸಿ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ನೀರು ಹೊಕ್ಕ ಎಂಜಿನ್ನನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ನೋಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆದ್ದರಿಂದ ಕೀಲಿ ತೆಗೆದು ಗ್ಯಾರೇಜಿಗೆ ಎಳೆಸಿ.

ಗೋವಾದಿಂದ ಮರಳುವಾಗ ಗಡಿಯ ಮಾಜಾಳಿಯಲ್ಲಿ ಅಬಕಾರಿ ತಪಾಸಣೆ ಇರುತ್ತದೆ. ಕಾರಿನಲ್ಲಿ ತುಂಬಿದ ಸಾಮಾನು ಇಳಿಸಿ ನೋಡುವುದುಂಟು, ಅದಕ್ಕೂ ಸಮಯ ಇಟ್ಟುಕೊಳ್ಳಿ.

ಫೆರಿ ಹತ್ತಿಸುವ ಕ್ರಮ

ಕಾರು ಒಯ್ಯಲು ತೀರ್ಮಾನಿಸಿದವರು ಅಳುಕುವುದು ಇಲ್ಲಿಯೇ. ಅಳುಕಿಗೆ ಕಾರಣವೂ ಇದೆ. ಮಾಂಡವಿಯ ನೀರು ಭರತ-ಇಳಿತಕ್ಕೆ ದಿನಕ್ಕೆರಡು ಸಲ ಏರಿಳಿಯುತ್ತದೆ. ಭರತದಲ್ಲಿ ಬೋಟಿನ ಹಲಗೆ ಹೆಚ್ಚುಕಡಿಮೆ ಸಪಾಟಾಗಿರುತ್ತದೆ. ಇಳಿತದಲ್ಲಿ ಕಟ್ಟೆಯ ಇಳಿಜಾರು ಉದ್ದವಾಗುತ್ತದೆ, ಹಲಗೆಯೂ ಕಟ್ಟೆಯೂ ಕೂಡುವಲ್ಲಿ ಕೋನ ಚೂಪಾಗುತ್ತದೆ. ನೆಲದಿಂದ 160–170 ಮಿ.ಮೀ. ಎತ್ತರದ ಸೆಡಾನ್‌ಗಳ ಮುಂದಿನ ಬಂಪರ್ ಉಜ್ಜುವುದು ಈ ಕೋನದಲ್ಲಿ. ಭಾರ ಕಡಿಮೆಯಾದರೆ ಕಾರು ಒಂದಿಷ್ಟು ಮೇಲೇಳುತ್ತದೆ. ಹಾಗಾಗಿ ಚಾಲಕರನ್ನು ಬಿಟ್ಟು ಎಲ್ಲರೂ ಕಟ್ಟೆಯ ಮೇಲೆಯೇ ಇಳಿದು ನಡೆದು ಹತ್ತಲಿ. ಸುರಕ್ಷತೆಗೂ ಇದೇ ಸರಿ.

ಇಳಿತದಲ್ಲಿ ತೆರೆದುಕೊಳ್ಳುವ ಸಿಮೆಂಟಿನ ಭಾಗಕ್ಕೆ ಹಾವಸೆ ಕಟ್ಟಿರುತ್ತದೆ. ಅಲ್ಲಿ ನಿಲ್ಲಿಸಬೇಡಿ. ಮುಂದಿನ ಗಾಡಿ ಪೂರ್ತಿ ಒಳಗೆ ಹೋಗುವವರೆಗೆ ಮೇಲೆ ಒಣ ಜಾಗದಲ್ಲಿ ಕಾದಿದ್ದು, ಆಮೇಲೆ ಮೊದಲ ಗೇರಿನಲ್ಲಿ, ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟು, ನಿಲ್ಲದೆ ಇಳಿಯಿರಿ. ಒಮ್ಮೆಲೇ ಬ್ರೇಕ್ ಒತ್ತಿದರೆ ಚಕ್ರ ಕಚ್ಚಿಕೊಂಡು ಗಾಡಿ ಜಾರುತ್ತದೆ. ಸ್ಟೇರಿಂಗ್ ನೇರವಿರಲಿ, ಕಣ್ಣು ಬೋಟಿನ ಸಿಬ್ಬಂದಿಯ ಕೈಸನ್ನೆಯ ಮೇಲಿರಲಿ. ಒಂದೇ ಬದಿಗೆ ಹಲಗೆ ಇರುವ ಬೋಟ್ ಆದರೆ ಹತ್ತುವಾಗಲೋ ಇಳಿಯುವಾಗಲೋ ರಿವರ್ಸ್ ಮಾಡಬೇಕಾಗುತ್ತದೆ. ರಿವರ್ಸಿನಲ್ಲಿ ಏರು ಹತ್ತಿಸುವ ಅಭ್ಯಾಸ ಇಲ್ಲದವರು ಜೊತೆಯಲ್ಲಿರುವ ಅನುಭವಿಗಳಿಗೆ ಸ್ಟೇರಿಂಗ್ ಕೊಡಲಿ.

ಒಳಗೆ ನಿಂತ ಮೇಲೆ ಎಂಜಿನ್ ಬಂದ್, ಹ್ಯಾಂಡ್‌ಬ್ರೇಕ್ ಎಳೆದು ಮೊದಲ ಗೇರಿನಲ್ಲಿಡಿ; ಆಟೊಮ್ಯಾಟಿಕ್ ಆದರೆ ಪಿ. ಹೆಡ್‌ಲೈಟ್ ಆರಿಸಿ, ಕನ್ನಡಿ ಮಡಚಿ. ಚಾಲಕರು ಗಾಡಿಯಲ್ಲೇ ಕೂರುವುದಾದರೆ ಕಿಟಕಿ ಗಾಜು ಪೂರ್ತಿ ಇಳಿಸಿ, ಸೀಟ್‌ಬೆಲ್ಟ್ ಬಿಚ್ಚಿ, ಬಾಗಿಲಿನ ಲಾಕ್ ತೆಗೆದಿಡಬೇಕು. ಗಾಡಿ ಅಕಸ್ಮಾತ್ ನೀರಿಗೆ ಬಿದ್ದರೆ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ, ಹೊರಬರುವ ದಾರಿ ಕಿಟಕಿಯೊಂದೇ.

ರಾತ್ರಿ ಮೊಬೈಲ್ ನಕ್ಷೆಯನ್ನು ನಂಬಿ ಫೆರಿ ಕಟ್ಟೆಯ ಕಡೆ ವೇಗವಾಗಿ ಹೋಗಬೇಡಿ. ನಕ್ಷೆಯಲ್ಲಿ ಫೆರಿ ದಾರಿ ರಸ್ತೆಯ ಮುಂದುವರಿಕೆಯಂತೆಯೇ ಕಾಣುತ್ತದೆ. ನಿಜದಲ್ಲಿ ಅಲ್ಲಿ ರಸ್ತೆ ಇಳಿಜಾರಾಗಿ ನೀರಿಗೇ ಇಳಿಯುತ್ತದೆ. ಹತ್ತುವ ಮೊದಲೇ ಕೊನೆಯ ಬೋಟ್ ಎಷ್ಟು ಗಂಟೆಗೆ ಎಂದು ಸಿಬ್ಬಂದಿಯನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಕಾಲ್ನಡಿಗೆಯವರಿಗೆ ಜಾಗ ಸಿಕ್ಕೀತು, ಕಾರಿಗೆ ಸಿಗದೇ ಹೋದೀತು.

ಆಚೆ ದಡದಲ್ಲಿ ಬೀಚಿನ ಮೇಲೆ ಕಾರು ಇಳಿಸಬೇಡಿ. ಗೋವಾದಲ್ಲಿ ಅದು ದಂಡ ಬೀಳುವ ಅಪರಾಧ, ಮರಳಿನಲ್ಲಿ ಹೂತರೆ ಭರತ ನಿಮಗಾಗಿ ಕಾಯುವುದೂ ಇಲ್ಲ. ಧನುಷ್ಕೋಡಿಯಲ್ಲಿ ರಸ್ತೆಯ ಮೇಲೆಯೇ ಗಾಳಿ ಮರಳು ತಂದು ಹಾಕುತ್ತದೆ. ಅಲ್ಲಿ ಡಾಂಬರು ಬಿಟ್ಟು ಚಕ್ರ ಕೆಳಗಿಳಿಸದಿದ್ದರಾಯಿತು.

ಬಿಟ್ಟು ಹೋಗುವುದಾದರೆ

ಮನೆಯಂಗಳದಲ್ಲೇ ಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ವಾರಕ್ಕಿಂತ ಹೆಚ್ಚು ದಿನ ನಿಲ್ಲುವುದಾದರೆ, ಬ್ಯಾಟರಿಗೆ ಮೂರು ವರ್ಷ ದಾಟಿದ್ದರೆ, ನೆಗೆಟಿವ್ ತಂತಿ ಬಿಚ್ಚಿಡಿ. ತೇವದ ಗಾಳಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಹಿಂದಿನ ಚಕ್ರದ ಬ್ರೇಕ್ ಶೂ ತುಕ್ಕು ಹಿಡಿದು ಡ್ರಮ್ಮಿಗೆ ಅಂಟುತ್ತದೆ. ಅದರ ಬದಲು ಸಪಾಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾರಿನೊಳಗೆ ತಿಂಡಿಯ ಚೂರು ಉಳಿಸಬೇಡಿ. ಮಲೆನಾಡಿನಲ್ಲಿ ಇಲಿ ಬಂದು ವೈರ್ ಕಡಿದರೆ ರಿಪೇರಿ ಖರ್ಚು ಸಣ್ಣದಲ್ಲ. ಮುರುಡೇಶ್ವರದಲ್ಲೋ ಕಾರವಾರದಲ್ಲೋ ಒಂದು ದಿನಕ್ಕೆ ಬಿಟ್ಟು ದೋಣಿ ಹತ್ತುವವರು ಕೀಲಿಯನ್ನು ನೀರು ಹೋಗದ ಚೀಲದಲ್ಲಿ ಹಾಕಿಕೊಳ್ಳಲಿ. ಈಗಿನ ರಿಮೋಟ್ ಕೀಲಿಯೊಳಗೆ ಉಪ್ಪುನೀರು ಹೋದರೆ ಕಾರು ದಡದಲ್ಲಿದ್ದೂ ಇಲ್ಲದಂತೆ.

ಮರಳಿದ ಮೇಲೆ ಉಪ್ಪು ತೊಳೆಯಿರಿ

ಫೆರಿಯ ಹಲಗೆಯ ಮೇಲಿನ ನೀರು, ಕಡಲ ಗಾಳಿ ಎರಡರಲ್ಲೂ ಉಪ್ಪಿದೆ. ಎರಡು ದಿನದೊಳಗೆ ಸಿಹಿನೀರಿನಲ್ಲಿ ಗಾಡಿಯ ಅಡಿಭಾಗ, ಚಕ್ರದ ಕಮಾನು, ಬ್ರೇಕ್ ಡಿಸ್ಕ್ ತೊಳೆಸಿ. ಬಾಗಿಲುಗಳ ಕೆಳಅಂಚಿನಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಮರಳು ಕಟ್ಟಿದ್ದರೆ ತೆಂಗಿನ ಕಡ್ಡಿಯಿಂದ ಬಿಡಿಸಿ, ಇಲ್ಲದಿದ್ದರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮ್ಯಾಟ್ ತೆಗೆದು ಕೆಳಗಿನ ಕಾರ್ಪೆಟ್ ಬಿಸಿಲಿಗೆ ಒಣಗಲಿ. ಅಡಿಗೆ ಡೀಸೆಲ್ ಅಥವಾ ಸುಟ್ಟ ಆಯಿಲ್ ಹೊಡೆಸುವ ಹಳೆಯ ಪದ್ಧತಿ ಬೇಡ, ಅದರಿಂದ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು ಉಬ್ಬಿ ಬೇಗ ಹಾಳಾಗುತ್ತವೆ. ತುಕ್ಕುನಿರೋಧಕ ಲೇಪ ಹಾಕಿಸುವುದಿದ್ದರೆ ತೊಳೆದು ಪೂರ್ತಿ ಒಣಗಿದ ಮೇಲೆಯೇ ಹಾಕಿಸಿ. ಒದ್ದೆಯ ಮೇಲೆ ಬಳಿದರೆ ಉಪ್ಪು ಒಳಗೇ ಉಳಿಯುತ್ತದೆ.