ಬ್ಯಾಲೆನ್ಸ್ ಆದ ಚಕ್ರವೂ ಕುಣಿಯುತ್ತೆ: ದುಂಡಗಿಲ್ಲದ ಟೈರ್ ಸರಿಮಾಡಿದ ನನ್ನ ಅನುಭವ

ಮಡ್ ಟೈರ್ (ಕೆಸರಿಗೆಂದೇ ದಪ್ಪ ಉಬ್ಬುಗಳಿರುವ ಟೈರ್) ಹಾಕಿದ ಮೇಲೆ ಗಾಡಿ ಅದುರೋದು ಮಾಮೂಲಿ, ಸುಮ್ಮನೆ ಓಡಿಸಿ ಅಂದವರೇ ಎಲ್ಲ. ನಾಲ್ಕು ಸಲ ಬ್ಯಾಲೆನ್ಸಿಂಗ್, ಎರಡು ಸಲ ಅಲೈನ್‌ಮೆಂಟ್, ಸಾಲದ್ದಕ್ಕೆ ಹೊಸ ಸ್ಟೇರಿಂಗ್ ಡ್ಯಾಂಪರ್. ಇಷ್ಟು ದುಡ್ಡು ಸುರಿದರೂ 75ರಿಂದ 90 ಕಿ.ಮೀ. ವೇಗದಲ್ಲಿ ನಡುಕ ಹಾಗೇ ಇತ್ತು. ಡ್ಯಾಂಪರ್ ಅಂತೂ ಶುದ್ಧ ದಂಡ. ಅದು ನಡುಕ ಮುಚ್ಚಿಡುತ್ತೆ, ತೆಗೆಯೋದಿಲ್ಲ. ಆ ದುಡ್ಡಿಗೆ ಎರಡು ಡಯಲ್ ಗೇಜ್ (ಸಣ್ಣ ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಬರುತ್ತಿದ್ದವು.

ಬ್ಯಾಲೆನ್ಸಿಂಗ್ ಮೆಷಿನ್ ನೋಡೋದು ತೂಕವನ್ನು. ಚಕ್ರ ಮೊಟ್ಟೆಯ ಆಕಾರದಲ್ಲಿದ್ದರೂ ತೂಕ ಹೊಂದಿದರೆ ಸೊನ್ನೆ ತೋರಿಸುತ್ತೆ. ನನ್ನ ಟೈರ್ 265/70 ಆರ್17 ಅಳತೆ. 80ರ ವೇಗದಲ್ಲಿ ಸೆಕೆಂಡಿಗೆ ಸುಮಾರು ಒಂಬತ್ತು ಸುತ್ತು. ಫೋನಿನ ವೈಬ್ರೇಷನ್ ಆ್ಯಪ್ ಕೂಡ ಒಂಬತ್ತನ್ನೇ ತೋರಿಸಿತು, ಅಂದರೆ ನಡುಕ ಚಕ್ರದ್ದೇ. ಪ್ರೊಪೆಲ್ಲರ್ ಶಾಫ್ಟ್ (ಇಂಜಿನ್ನಿನ ಶಕ್ತಿಯನ್ನು ಚಕ್ರಗಳ ಕಡೆಗೆ ಒಯ್ಯುವ ತಿರುಗು ದಂಡ) ಆಗಿದ್ದರೆ ಹೆಚ್ಚುಕಮ್ಮಿ ಅದರ ನಾಲ್ಕು ಪಟ್ಟು ಬರಬೇಕು. ಹಾಗಾಗಿ ಶಾಫ್ಟಿನ ಕಡೆ ತಲೆ ಹಾಕಲೇ ಇಲ್ಲ.

ಟೈರ್ ದುಂಡಗಿದೆಯಾ ಅಂತ ಡಯಲ್ ಗೇಜ್ ಇಟ್ಟು, ಚಕ್ರ ತಿರುಗಿಸಿ ಅಳೆಯಬೇಕು. ಅಳೆಯೋ ಮೊದಲು ರಿಮ್ಮಿನ ಒಳಮೈಯಲ್ಲಿ ಒಣಗಿದ ಕೆಸರು ಕೆರೆದು ತೆಗೀರಿ, ಚಕ್ರದ ಬೇರಿಂಗ್ ಸಡಿಲವಾಗಿ ಅಲ್ಲಾಡುತ್ತಾ ನೋಡಿ. ಇನ್ನೊಂದು, ತಣ್ಣಗಿನ ಟೈರ್ ಅಳೆಯಬೇಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿರುತ್ತೆ. ಬೆಳಗ್ಗೆ ಅಳೆದದ್ದಕ್ಕೂ 20 ಕಿ.ಮೀ. ಓಡಿಸಿ ಬಂದು ತಕ್ಷಣ ಜಾಕಿ ಹಾಕಿ ಅಳೆದದ್ದಕ್ಕೂ ಅರ್ಧ ಮಿ.ಮೀ. ವ್ಯತ್ಯಾಸ ಬಂತು. ಇದು ಗೊತ್ತಾಗದೆ ಮೊದಲ ದಿನದ ಅಳತೆಯೆಲ್ಲ ದಂಡವಾಯಿತು.

ಮಡ್ ಟೈರಿನ ಗುಬ್ಬಿಗಳ (ಉಬ್ಬಿದ ರಬ್ಬರ್ ತುಂಡುಗಳ) ನಡುವಿನ ಸಂದಿಗೆ ಗೇಜಿನ ಮೊನೆ ಬಿದ್ದುಬಿಡುತ್ತೆ. ಅದಕ್ಕೆ ನಡುಸಾಲಿನ ಸುತ್ತ ಅಗಲದ ಮಾಸ್ಕಿಂಗ್ ಟೇಪನ್ನು ಎರಡು ಸುತ್ತು ಬಿಗಿಯಾಗಿ ಎಳೆದು ಅಂಟಿಸಿದೆ. ಅದರ ಮೇಲೂ ಮುಳ್ಳು ನೆಟ್ಟಗೆ ನಿಲ್ಲದಿದ್ದರೆ ಮೊನೆಗೆ ಸಣ್ಣ ರೋಲರ್ ಬೇಕು. ಆ ರೋಲರ್ ಯಾವುದರಿಂದ ಕಿತ್ತಿದ್ದು ಅನ್ನೋದು ನನ್ನ ಹತ್ತಿರವೇ ಇರಲಿ.

ಮುಳ್ಳು ಎಷ್ಟು ಹೋಯಿತು ಅನ್ನೋದಕ್ಕಿಂತ ಹೇಗೆ ಹೋಯಿತು ಅನ್ನೋದನ್ನು ನೋಡಿ. ಒಂದು ಸುತ್ತಿಗೆ ಒಮ್ಮೆ ನಿಧಾನಕ್ಕೆ ಏರಿ ಇಳಿದರೆ ಟೈರನ್ನು ರಿಮ್ಮಿನ ಮೇಲೆ ತಿರುಗಿಸಿ ಕೂರಿಸುವ ಉಪಾಯ ನಡೆಯುತ್ತೆ. ಎರಡು ಸಲ ಏರಿ ಇಳಿದರೆ ಟೈರ್ ಅಂಡಾಕಾರ, ಅರ್ಧ ಮಾತ್ರ ಗುಣವಾದೀತು. ಒಂದು ಗೇಣು ಜಾಗದಲ್ಲಿ ಗಕ್ಕನೆ ಎದ್ದು, ಅಲ್ಲೇ ಗುಬ್ಬಿಸಾಲು ಪಕ್ಕಕ್ಕೂ ಸೊಟ್ಟಗಾಗಿದ್ದರೆ ಟೈರಿನೊಳಗಿನ ತಂತಿಪದರ (ಬೆಲ್ಟ್) ಬಿಟ್ಟಿದೆ ಅಂತಲೇ ಲೆಕ್ಕ. ಅಂಥದ್ದನ್ನು ಬಿಸಾಡಬೇಕು, ರಿಪೇರಿ ಇಲ್ಲ. ನನ್ನ ನಾಲ್ಕರಲ್ಲಿ ಒಂದು ಹಾಗೇ ಹೋಯಿತು, ಅರ್ಧ ಗುಬ್ಬಿ ಉಳಿದಿರುವಾಗಲೇ.

ಮುಂದಿನ ಎಡ ಚಕ್ರ 3.3 ಮಿ.ಮೀ. ತೋರಿಸಿತು. ಟೈರ್ ಬಿಚ್ಚಿ ಬರೀ ರಿಮ್ಮನ್ನು ಹಬ್ಬಿಗೆ (ಗಾಡಿಯಲ್ಲಿ ಚಕ್ರ ಕೂರುವ ಗುಂಬಕ್ಕೆ) ಕಟ್ಟಿ, ಬೀಡ್ (ರಿಮ್ಮಿಗೆ ಕಚ್ಚಿಕೊಳ್ಳುವ ಟೈರಿನ ಒಳ ಅಂಚು) ಕೂರುವ ಜಾಗದಲ್ಲೇ ಎರಡೂ ಕಡೆ ಅಳೆದೆ. ಹೊರ ಅಂಚಿನಲ್ಲಿ ಅಳೆದರೆ ಕಲ್ಲಿಗೆ ಬಡಿದ ನೆಗ್ಗು ಲೆಕ್ಕ ಕೆಡಿಸುತ್ತೆ. ರಿಮ್ಮಿನದು 1.1 ಬಂತು, ಎತ್ತರವೂ ಟೈರಿನ ಎತ್ತರ ಇದ್ದ ಕಡೆಯೇ. ಅಂದರೆ ಟೈರಿನ ಪಾಲು ಸುಮಾರು 2.2, ಎರಡೂ ಒಂದರ ಮೇಲೊಂದು ಕೂತಿದ್ದವು. ಆರು ಸ್ಟಡ್ಡಿನ (ನಟ್ ಹಾಕುವ ಬೋಲ್ಟಿನ) ರಿಮ್ಮನ್ನು ಮೂರು ಸ್ಟಡ್, ಅಂದರೆ ಅರ್ಧ ಸುತ್ತು ಜರುಗಿಸಿ ಮತ್ತೆ ನೋಡಿದೆ. ಎತ್ತರ ರಿಮ್ಮಿನ ಜೊತೆಗೇ ಬಂತು. ಹಬ್ಬಿನದ್ದಾಗಿದ್ದರೆ ಸ್ಟಡ್ಡಿನ ಹತ್ತಿರವೇ ಉಳಿಯುತ್ತಿತ್ತು.

ಆಮೇಲೆ ಮಾಡಿದ್ದು ಇಷ್ಟೇ: ಟೈರಿನ ಎತ್ತರದ ಜಾಗವನ್ನು ರಿಮ್ಮಿನ ತಗ್ಗಿಗೆ ಎದುರಾಗಿ ಕೂರಿಸಿದೆ. ಬೀಡಿಗೆ ಸೋಪು ನೀರು ಧಾರಾಳ, ರಿಮ್ಮಿಗೆ ವೈರ್ ಬ್ರಷ್, ವಾಲ್ವ್ ಪಿನ್ ತೆಗೆದು ಗಾಳಿ. 40 ಪಿಎಸ್‌ಐ ದಾಟಿಸಬೇಡಿ. ಅಷ್ಟರಲ್ಲೂ ಕೂರದಿದ್ದರೆ ಗಾಳಿ ಬಿಟ್ಟು ಮತ್ತೆ ಸೋಪು ಹಚ್ಚಿ. ಟೈರ್ ಪಕ್ಕೆಯಲ್ಲಿ ರಿಮ್ಮಿನ ಅಂಚಿಗೆ ಒತ್ತಿಕೊಂಡಂತೆ ಸಣ್ಣ ಗೆರೆ ಓಡುತ್ತೆ ನೋಡಿ, ಅದು ಸುತ್ತಲೂ ಒಂದೇ ಅಂತರದಲ್ಲಿ ಕಾಣಬೇಕು. ಬಲಚಕ್ರದಲ್ಲಿ ಒಂದು ಕಡೆ 4, ಎದುರು ಕಡೆ 7 ಮಿ.ಮೀ. ಇತ್ತು. ಬೀಡ್ ಪೂರ್ತಿ ಕೂತಿರಲೇ ಇಲ್ಲ. ನಾಲ್ಕು ಸಲ ಬ್ಯಾಲೆನ್ಸ್ ಮಾಡಿದವರಲ್ಲಿ ಒಬ್ಬರಿಗೂ ಅದು ಕಣ್ಣಿಗೆ ಬೀಳಲಿಲ್ಲ! ಆ ಚಕ್ರ ಬರೀ ಸೋಪಿನಲ್ಲೇ ಸರಿಹೋಯಿತು.

ಎಡಚಕ್ರ 3.3ರಿಂದ 1.3ಕ್ಕೆ ಇಳಿಯಿತು. ತಮಾಷೆ ಅಂದರೆ ಬ್ಯಾಲೆನ್ಸ್ ತೂಕ ಮೊದಲು 90 ಗ್ರಾಂ ಬೇಕಿತ್ತು, ಈಗ 110. ತೂಕ ಹೆಚ್ಚಾದ ಆ ಚಕ್ರವೇ ನಾಲ್ಕರಲ್ಲಿ ಎಲ್ಲಕ್ಕಿಂತ ನಯವಾಗಿ ಓಡುತ್ತಿದೆ. ನಟ್ಟನ್ನು ಮಾತ್ರ ಚಕ್ರ ಗಾಳಿಯಲ್ಲಿರುವಾಗಲೇ ಎದುರುಬದುರಾಗಿ ಮೂರು ಸುತ್ತಿನಲ್ಲಿ ಬಿಗಿ ಮಾಡಿ, ಕೊನೆಯ ಟಾರ್ಕ್ ನೆಲಕ್ಕಿಳಿಸಿದ ಮೇಲೆ. ನಡುತೂತು ಹಬ್ಬಿಗಿಂತ ದೊಡ್ಡದಿರುವ ಅಲಾಯ್ ರಿಮ್ಮಿನಲ್ಲಿ ಭಾರ ಬಿಟ್ಟು ಬಿಗಿ ಮಾಡಿದರೆ ರಿಮ್ಮು ನಡುವಿಗೆ ಕೂರದೆ ಅಲ್ಲೇ ಸಿಕ್ಕಿಕೊಳ್ಳುತ್ತೆ.

ಮಧ್ಯೆ ಎರಡು ಹುಚ್ಚು ಪ್ರಯೋಗವನ್ನೂ ಮಾಡಿದೆ. ಟೈರಿನೊಳಗೆ ಬ್ಯಾಲೆನ್ಸಿಂಗ್ ಮಣಿ ಸುರಿದೆ. ಒಳಗಿನ ತೇವಕ್ಕೆ ಉಂಡೆಗಟ್ಟಿದವು, ಗಾಳಿ ಬಿಡುವಾಗ ವಾಲ್ವಿಗೆ ಸಿಕ್ಕಿಕೊಂಡವು, ಆಕಾರಕ್ಕೆ ಏನೂ ಆಗಲಿಲ್ಲ. ಹಿಂಬದಿಯ ಒಂದು ಟೈರಿನ ಎತ್ತರದ ಗುಬ್ಬಿಗಳನ್ನು ಗ್ರೈಂಡರಿಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಉಜ್ಜಿದೆ. ಕೆಲಸವೇನೋ ಆಯಿತು, ಆದರೆ ಅಲ್ಲಿ ಒಂದೂವರೆ ಮಿ.ಮೀ. ರಬ್ಬರ್ ಪುಡಿಯಾಗಿ ಹೋಯಿತು, ಗುಬ್ಬಿಗಳ ಚೂಪು ಅಂಚೂ ಹೋಯಿತು. ತಿರುಗಿಸಿ ಕೂರಿಸಿದ್ದರೆ ಸಾಕಿತ್ತು.

ಕೂರಿಸಿದ ಮೇಲೆ ಒಂದು ದಿನ ಜೋರು ಬ್ರೇಕ್ ಬೇಡ, ಸೋಪು ಆರಬೇಕು. ರಿಮ್ಮಿನಿಂದ ಟೈರಿಗೆ ಅಡ್ಡಲಾಗಿ ಬಿಳಿ ಪೇಂಟಿನ ಗೆರೆ ಎಳೆದಿಡಿ. ಮರಳಿಗೆ 15 ಪಿಎಸ್‌ಐ ಇಳಿಸಿ ಓಡಿಸಿದರೆ ಟೈರ್ ರಿಮ್ಮಿನ ಮೇಲೆ ಜಾರುತ್ತೆ. ಹಿಂದಿನ ಎಡಚಕ್ರದ ಗೆರೆ ನಾಲ್ಕು ಬೆರಳು ಜರುಗಿ ಸೀಟಿನಡಿ ಮತ್ತೆ ಗುರುಗುಟ್ಟಿತು. ಗೇಜ್ ಇಟ್ಟರೆ ದುಂಡು ಹಾಗೇ ಇದೆ, ಕೆಟ್ಟಿದ್ದು ತೂಕದ ಹೊಂದಾಣಿಕೆ. ಬೀಡ್ ಬಿಡಿಸಿ ಗೆರೆಗೆ ಗೆರೆ ಸೇರಿಸಿದೆ, ಇನ್ನೊಂದು ಬ್ಯಾಲೆನ್ಸಿಂಗಿನ ದುಡ್ಡು ಉಳಿಯಿತು.